ಕೋಲಾರದ ಹಳೇ ನಕ್ಷೆ: ಮೂರು ಮರುಮುದ್ರಣ, ಒಂದೇ ಕೆರೆ

ಕೋಲಾರ ಸೀಮೆಯಲ್ಲಿ ಮುಚ್ಚಿಹೋದ ಕುಂಟೆ (ಸಣ್ಣ ಕೆರೆ), ಜನ ಬಿಟ್ಟುಹೋದ ಬೇಚರಾಕ್ ಊರು, ಹಳೇ ಬಂಡಿದಾರಿ ಹುಡುಕುವವರಿಗೆ ಮೂರು ಬಗೆಯ ಪ್ರತಿಗಳು ಸಿಗುತ್ತವೆ. ಸರ್ವೆ ಆಫ್ ಇಂಡಿಯಾದ ಮೈಲಿಗೆ ಒಂದು ಇಂಚಿನ ಹಾಳೆಯ ಪೂರ್ಣ ಅಳತೆಯ ಮುದ್ರಣ ಒಂದು, ಅದನ್ನೇ ಎ3 ಕಾಗದಕ್ಕೆ ಇಳಿಸಿದ್ದು ಇನ್ನೊಂದು, ಮೂರನೆಯದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಮೂರನ್ನೂ ಒಂದೇ ಕೆರೆಯ ಏರಿ ಮೇಲೆ ಬಿಚ್ಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಎ3 ಪ್ರತಿ ಗೋಡೆಗೆ ಮಾತ್ರ. ಕೋಲಾರ ಇರುವ 57ಕೆ/4 ಹಾಳೆಯಲ್ಲಿ ನಕ್ಷೆಯ ಭಾಗವೇ ಸುಮಾರು 43 ಸೆಂ.ಮೀ. ಅಗಲ, 44 ಸೆಂ.ಮೀ. ಎತ್ತರ. ಎ2 ಕಾಗದದ ಕಿರಿಯ ಬದಿ 42 ಸೆಂ.ಮೀ., ಅದಕ್ಕೂ ಹಿಡಿಸದು. ಎ3ಗೆ ಇಳಿಸಿದಾಗ 1:63,360 (ಮೈಲಿಗೆ ಒಂದು ಇಂಚು) ಪ್ರಮಾಣ 1:1,00,000ರ ಹತ್ತಿರಕ್ಕೆ ಬೀಳುತ್ತದೆ. ಅಂತರಗಂಗೆ ಬೆಟ್ಟದ ಎತ್ತರದ ಗೆರೆಗಳೆಲ್ಲ ಒಂದೇ ಕಂದು ಮಚ್ಚೆಯಾಗುತ್ತವೆ.

ಪೂರ್ಣ ಅಳತೆಯದನ್ನು ಎ1 ಕಾಗದದಲ್ಲೇ, ಬಣ್ಣದಲ್ಲೇ ತೆಗೆಸಬೇಕು. ಕಪ್ಪು ಬಿಳುಪಿನಲ್ಲಿ ಕೆರೆಯ ನೀಲಿ ಅಂಚು ಯಾವುದು, ಎತ್ತರದ ಗೆರೆ ಯಾವುದು ಗೊತ್ತಾಗುವುದಿಲ್ಲ. ಒಂದು ಊರಿನ ಕೋಡಿ ನೀರು ಮುಂದೆ ಯಾವ ಕೆರೆಗೆ ಹೋಗುತ್ತಿತ್ತು ಎನ್ನುವುದಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಇಸವಿ ಕತ್ತರಿಸಿಹೋಗಿದ್ದರೆ ರೈಲು ಹಳಿ ನೋಡಿ: ಕೋಲಾರಕ್ಕೆ ನ್ಯಾರೋ ಗೇಜ್ ಬಂದದ್ದು 1913ರಲ್ಲಿ. ಹಳಿ ಇಲ್ಲದಿದ್ದರೆ ಅಳತೆ ಅದಕ್ಕಿಂತ ಹಿಂದಿನದು. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಹುಡುಕಬೇಕು. ಕೆಜಿಎಫ್‌ಗೆ ಬೇರೆ ಹಾಳೆ, 57ಎಲ್/5.

ಆದರೂ ಒಂದೇ ಊರಿನ ಚರಿತ್ರೆಗೆ ಗ್ರಾಮ ನಕ್ಷೆಯೇ ಮೇಲು. ಮೈಲಿಗೆ 8 ಇಂಚು, ಅಂದರೆ ಒಂದು ಇಂಚಿಗೆ 660 ಅಡಿ. ಚೌಕನೆಯ ಒಂದು ಎಕರೆ ಇದರಲ್ಲಿ 8 ಮಿ.ಮೀ. ಬದಿಯಷ್ಟು ಬರುತ್ತದೆ, ಒಂದು ಇಂಚಿನ ಹಾಳೆಯಲ್ಲಿ ಅದೇ ಎಕರೆ 1 ಮಿ.ಮೀ. ಚುಕ್ಕೆ. ಸರ್ವೆ ನಂಬರು, ಖರಾಬು (ಸಾಗುವಳಿಗೆ ಬಾರದ ನೆಲ), ಗುಂಡುತೋಪು (ಊರಿನ ಮರಗಳ ತೋಪು), ಬಂಡಿದಾರಿ ಬಿಡಿಬಿಡಿಯಾಗಿ ಕಾಣುತ್ತವೆ. ಜನರಿಲ್ಲದ ಬೇಚರಾಕ್ ಊರಿಗೂ ತನ್ನದೇ ನಕ್ಷೆ ಉಂಟು, ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ತೊಡಕು ಬರುವುದು ಪಕ್ಕದ ಊರಿನ ನಕ್ಷೆ ಜೋಡಿಸುವಾಗ. ಊರೂರಿಗೆ ಅಳತೆ ಬೇರೆಬೇರೆ ನಡೆದಿದೆ, ಮೂಲ ಕಾಗದವೂ ಕುಗ್ಗಿರುತ್ತದೆ, ಹಾಗಾಗಿ ಗಡಿ 2–3 ಮಿ.ಮೀ. ಕೂಡದೆ ಹೋಗಬಹುದು. 3 ಮಿ.ಮೀ. ಎಂದರೆ ನೆಲದಲ್ಲಿ ಸುಮಾರು 24 ಮೀಟರ್. ಕಂಪ್ಯೂಟರಿನಲ್ಲಿ ಒಂದನ್ನು ಎಳೆದು ಕೂಡಿಸಬೇಡಿ, ಒಳಗಿನ ಕುಂಟೆಯೂ ಜರುಗಿಬಿಡುತ್ತದೆ. ಮೂರು ಊರಿನ ಗಡಿ ಕೂಡುವ ಕಲ್ಲು ಹಿಡಿದು ಹೊಂದಿಸಿ, ಉಳಿದ ಸಂದನ್ನು ಸಂದಾಗಿಯೇ ಬಿಡಿ.

ಕಾಗದ 100ರಿಂದ 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಹೊಳಪಿಲ್ಲದ್ದು ಇರಲಿ. ಲ್ಯಾಮಿನೇಶನ್ ಬೇಡ: ಬಿಸಿಲಿಗೆ ಕಣ್ಣು ಕೋರೈಸುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ. ಅಂಗಡಿಯಲ್ಲಿ, ನಕ್ಷೆಯನ್ನು ಕಾಗದದ ಅಳತೆಗೆ ಹೊಂದಿಸುವ ‘ಫಿಟ್ ಟು ಪೇಜ್’ ಆಯ್ಕೆಯನ್ನು ಆಫ್ ಮಾಡಿಸಿ, ಮೊದಲು ಅಳತೆಪಟ್ಟಿ ಇರುವ ತುಂಡನ್ನಷ್ಟೇ ಮುದ್ರಿಸಿಕೊಳ್ಳಿ. ಒಂದು ಇಂಚಿನ ಹಾಳೆಯಲ್ಲಿ ಒಂದು ಮೈಲಿಯ ಪಟ್ಟಿ ಸ್ಕೇಲಿನಲ್ಲಿ 25.4 ಮಿ.ಮೀ. ಬಂದ ಮೇಲೆಯೇ ಪೂರ್ತಿ ಹಾಳೆ ತೆಗೆಯಲು ಹೇಳಿ.