ರಾಯಚೂರಿನ ಖಡಕ್ ರೊಟ್ಟಿ ಮನಿ: ಪರದೇಶಕ್ಕ ಹೊಂಟೋರು ಬ್ಯಾಗ್ ಕಟ್ಟೋಕಿಂತ ಮೊದ್ಲು ಓದ್ರಿ

ರಾಯಚೂರು ಕಡೆಯವರು ಪರದೇಶದಾಗ ಇದ್ದು ರಜಕ್ಕ ಊರಿಗೆ ಬಂದು ವಾಪಸ್ ಹೋಗೋ ಮುಂದ ರೊಟ್ಟಿ-ಚಟ್ನಿಪುಡಿ ಎಲ್ಲಿ ತಗೋಬೇಕು ಅಂತ ಕೇಳಿದ್ರ ನಾನು ಈಗ ಹೇಳೋದು ಒಂದೇ ಜಾಗ, ಗಂಜ್ ಕಡೆ ಓಣಿಯೊಳಗಿನ ಈ ರೊಟ್ಟಿ ಮನಿ. ಬೋರ್ಡಿಲ್ಲ, ಹೆಸರಿಲ್ಲ, ಮನಿ ಪಡಸಾಲಿನ ಅಂಗಡಿ. ಓಣಿಯೊಳಗ ಕಾಲಿಟ್ರ ರೊಟ್ಟಿ ಬಡಿಯೋ ಸಪ್ಪಳ ಕೇಳ್ತದ, ಆ ಸಪ್ಪಳ ಹಿಡಕೊಂಡು ಹೋದ್ರ ಸಾಕು. ನಾನು ಜರ್ಮನಿಯೊಳಗ ಫ್ರಾಂಕ್‌ಫರ್ಟ್ ಹತ್ರ ಇರ್ತೀನಿ, ಹತ್ತು ಕಡೆ ರೊಟ್ಟಿ ಸಿಗ್ತಾವ ಅಂತ ನನಗೂ ಗೊತ್ತದ, ಆದ್ರೂ ಇವರ ಬಗ್ಗೆನ ಇಷ್ಟುದ್ದ ಬರಿಯಾಕತ್ತಿದ್ದು ಯಾಕಂದ್ರ ಇವರು ಆರ್ಡರ್ ತಗೊಳ್ಳೋ ಮುಂದ ಕೇಳೋ ಮೊದಲ್ನೇ ಮಾತು ಎಷ್ಟು ಬೇಕು ಅಂತಲ್ಲ, "ಯಾ ದೇಶಕ್ಕ ಹೊಂಟೀಯವ್ವಾ?" ಅಂತ.

ಆ ಪ್ರಶ್ನೆ ಸುಮ್ನ ಮಾತಿಗೆ ಕೇಳೋದಲ್ಲ. ದುಬೈ ಅಂದ್ರ ಮಸಾಲಿ ಖಾರದಾಗ ಗಸಗಸೆ ಹಾಕಂಗಿಲ್ಲ, ಯಾಕಂದ್ರ ಯುಎಇದಾಗ ಗಸಗಸೆ ನಿಷೇಧ ಅದ, ನಮ್ಮ ಕಡೆ ಅಡಗಿ ಸಾಮಾನು ಅದು, ಅಲ್ಲಿ ಮಾದಕ ವಸ್ತು ಲೆಕ್ಕಕ್ಕ ಬರ್ತದ, ಒಂದು ಸಣ್ಣ ಪುಡಿಕಿ ಇದ್ರೂ ಏರ್‌ಪೋರ್ಟ್‌ನಾಗ ಜೀವಕ್ಕ ಬರೋ ಅಂಥ ತ್ರಾಸು. ನಾನು ಹೋದಾಗ ನನ್ನ ಮುಂದ ಒಬ್ಬ ಹುಡುಗ ಶಾರ್ಜಾಕ್ಕ ಹೊಂಟಿದ್ದ, ಸಿಂಧನೂರು ಕಡೆಯವ್ನು, ಮನ್ಯಾಗ ಅವ್ವ ಕಟ್ಟಿಕೊಟ್ಟ ಮಸಾಲಿ ಡಬ್ಬಿನೂ ಅವನ ಕೈಯಾಗಿತ್ತು. ಅಂಗಡಿ ನಡಸೋ ಅಮ್ಮಾರು ಅದನ್ನ ತೆಗಿಸಿ ವಾಸನಿ ನೋಡಿ, ಅವನ ಅವ್ವಗ ಫೋನ್ ಹಚ್ಚಿಸಿ ಗಸಗಸೆ ಹಾಕೀರೇನು ಅಂತ ಕೇಳಿ, ಹೌದು ಅಂದ ಮ್ಯಾಲೆ ಅದನ್ನ ಮನಿಗೆ ವಾಪಸ್ ಕಳಿಸಿ ತಮ್ಮಲ್ಲಿಂದ ಬ್ಯಾರೆ ಪುಡಿ ಕೊಟ್ರು. ಗಿರಾಕಿನ ಇಷ್ಟು ಕಾಳಜಿಲೆ ನೋಡೋ ಅಂಗಡಿ ನಾನು ಬ್ಯಾರೆ ಕಡೆ ಕಂಡಿಲ್ಲ.

ಯುರೋಪಿಗೆ ಹೋಗೋರಿಗೆ ಬ್ಯಾರೆ ಲೆಕ್ಕ. ಯುರೋಪಿಯನ್ ಯೂನಿಯನ್ ದೇಶಗಳೊಳಗ ಹೊರಗಿನಿಂದ ಬರೋ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರಂಗಿಲ್ಲ, ಪೇಡಾ ತುಪ್ಪ ಬೆಣ್ಣಿ ಎಲ್ಲಾ ಅದರಾಗ ಬಂತು. ಅದಕ್ಕ ಇವರು ನನಗ ಶೇಂಗಾ ಹೋಳಿಗಿ ತುಪ್ಪ ಹಚ್ಚದ ಎಣ್ಣಿ ಮ್ಯಾಲೆ ಬೇಯಿಸಿ ಕೊಟ್ರು. ಹಸಿ ಕರಿಬೇವು, ಪುಂಡಿಪಲ್ಯೆ, ಮಾವಿನಕಾಯಿ ಇವೂ ಬ್ಯಾಡ, 2019ರ ಡಿಸೆಂಬರ್‌ನಿಂದ ಹಸಿ ಹಣ್ಣು ಸೊಪ್ಪು ಕಾಯಿಪಲ್ಯಕ್ಕ ಹುಳ-ರೋಗ ಇಲ್ಲ ಅನ್ನೋ ಸರ್ಕಾರಿ ಸರ್ಟಿಫಿಕೇಟ್ ಬೇಕು, ಬಿಟ್ಟಿರೋದು ಐದೇ ಹಣ್ಣಿಗೆ: ಬಾಳಿ, ತೆಂಗು, ಖರ್ಜೂರ, ಅನಾನಸ್, ಡುರಿಯನ್. ಬಾಲ್ಕನಿಯೊಳಗ ಹಾಕ್ಬೇಕು ಅಂತ ಪುಂಡಿ ಬೀಜ ಒಯ್ಯೋರಿಗೂ ಇದೇ ಸರ್ಟಿಫಿಕೇಟ್ ಕೇಳ್ತಾರ. ಅಮೆರಿಕಕ್ಕ ಹೋಗೋರು ಪುಡಿನೆಲ್ಲಾ ದೊಡ್ಡ ಬ್ಯಾಗಿಗೆ ಹಾಕ್ರಿ, 350 ಮಿಲಿಗಿಂತ ಜಾಸ್ತಿ ಪುಡಿ ಕೈ ಬ್ಯಾಗ್‌ನಾಗ ಇದ್ರ ತಡದು ತಡದು ಚೆಕ್ ಮಾಡ್ತಾರ, ಒಮ್ಮೊಮ್ಮೆ ಬಿಡಂಗೇ ಇಲ್ಲ.

ಕೊಬ್ಬರಿ ವಿಷಯ ಬಾಳ ಮಂದಿಗೆ ಗೊತ್ತಿಲ್ಲ, ಅದನ್ನೂ ಹೇಳ್ತೀನಿ. ಒಣ ಕೊಬ್ಬರಿ ಬಟ್ಟಲ ಬ್ಯಾಗ್‌ನಾಗ ಇಟ್ರ ನಮ್ಮ ಏರ್‌ಪೋರ್ಟ್‌ನಾಗೇ ತೆಗಿಸ್ತಾರ, 2022ರಿಂದ ಚೆಕ್-ಇನ್ ಬ್ಯಾಗ್‌ನಾಗ ಬ್ಯಾಡ ಅನ್ನೋ ಸಾಮಾನಿನ ಪಟ್ಟಿಯೊಳಗ ಅದನ್ನೂ ಸೇರಿಸ್ಯಾರ. ಅದರಾಗ ಎಣ್ಣಿ ಅಂಶ ಜಾಸ್ತಿ, ಒತ್ತಿಟ್ಟಲ್ಲೇ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು ಅನ್ನೋ ಭಯ. ಹುಡುಗ್ರು ಬಾಣಂತಿ ಅಂತ ಕೊಬ್ಬರಿ ಕಟ್ಟಿಸ್ಕೊಂಡು ಹೋಗೋರು ನೆನಪಿಟ್ಕೋರಿ.

ಈಗ ರೊಟ್ಟಿಗೆ ಬರ್ತೀನಿ, ಮುಖ್ಯ ಅದೇ ಅಲ್ರಿ.

ಜೋಳದ ಹಿಟ್ಟಿನ್ಯಾಗ ಗೋಧಿಯಂಗ ಅಂಟು ಇರಂಗಿಲ್ಲ, ಅದಕ್ಕ ಎಸರು ಕಾಸಿ ಕುದಿಯೋ ನೀರು ಹಾಕಿ ನಾದಬೇಕು, ಆಗ ಜಿಗಟು ಬರ್ತದ. ಹಿಟ್ಟು ಹಳೇದಾದಂಗ ಆ ಜಿಗಟೂ ಹೋಗ್ತದ. ಜರ್ಮನಿಯೊಳಗ ಏಷ್ಯನ್ ಅಂಗಡಿಗಳೊಳಗ ಜೋಳದ ಹಿಟ್ಟು ಸಿಗ್ತದ, ಸಿಗಂಗಿಲ್ಲ ಅಂತಲ್ಲ, ಆದ್ರ ಅದು ಬೀಸಿ ಎಷ್ಟು ತಿಂಗಳಾಗಿರ್ತದೋ, ಎಷ್ಟು ಕುದಿಯೋ ನೀರು ಹಾಕಿದ್ರೂ ಬಡಿಯಾಕ ಕುಂತ್ರ ಅಂಚೆಲ್ಲಾ ಬಿರಿತಾವ. ಹಿಟ್ಟು ಊರಿಂದ ಒಯ್ದ್ರೂ ಎರಡನೇ ತಿಂಗಳಿಗೆ ಅದೇ ಕತಿ. ಹಿಂಗಾಗಿ ದೂರ ಇರೋರಿಗೆ ಮಾಡಿ ಒಣಗಿಸಿದ ಖಡಕ್ ರೊಟ್ಟಿನ ಗತಿ, ಅದಕ್ಕ ರೊಟ್ಟಿ ಹೆಂಗ ಒಣಗಿಸ್ತಾರ ಅನ್ನೋದು ನನಗ ರುಚಿಗಿಂತ ದೊಡ್ಡ ಮಾತು.

ಇಲ್ಲಿ ಮಾಲ್ದಂಡಿ ಬಿಳಿ ಜೋಳ ತರ್ತಾರ, ಹಿಂಗಾರಿ ಬೆಳಿ, ಅವತ್ತಿಗೆ ಬೇಕಾದಷ್ಟೇ ಬೀಸಿಸ್ತಾರ. ತೆಳ್ಳಗ ಬಡಿದು ಹಂಚಿಗೆ ಹಾಕಿ, ಮ್ಯಾಲೆ ನೀರಿನ ಬಟ್ಟಿ ಆಡಿಸಿ, ಎರಡೂ ಮಗ್ಗಲ ಬೇಯಿಸಿ, ಆಮ್ಯಾಗ ಒಲಿ ಬಾಜೂ ಕಾವಿಗೆ ನಿಲ್ಲಿಸ್ತಾರ. ಅಷ್ಟಕ್ಕ ಬಿಡಂಗಿಲ್ಲ, ರಾತ್ರಿಯೆಲ್ಲಾ ಬುಟ್ಟಿಯೊಳಗ ಆರಾಕ ಇಟ್ಟು ಮರುದಿವಸ ಒಂದೊಂದೇ ಬೆರಳಲೆ ತಟ್ಟಿ ನೋಡ್ತಾರ, ನಡುವೆ ಎಲ್ಲರೆ ತಂಪು ಉಳಿದಿದ್ರ ಮತ್ತ ಹಂಚಿಗೆ. ಈ ಕೆಲಸ ಮಾಡೋ ನಾಕೈದು ಹೆಣ್ಣಮಕ್ಕಳ ಕೈ ನೋಡ್ತಾ ಕುಂತ್ರ ಹೊತ್ತು ಹೋಗೋದ ಗೊತ್ತಾಗಂಗಿಲ್ಲ, ಅವರ ಕೂಲಿಗೆ ಈ ರೊಟ್ಟಿಗೆ ಇಟ್ಟಿರೋ ರೇಟು ಕಮ್ಮಿನ ಅಂತ ನನ್ನ ಅಭಿಪ್ರಾಯ. ಜೋಳದ್ದು ಒಂದಕ್ಕ 8 ರೂಪಾಯಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ 10 ರೂಪಾಯಿ. ದಯವಿಟ್ಟು ಯುರೋ ಡಾಲರ್ ಎಣಿಸೋರು ಇಲ್ಲಿ ಬಂದು ಚೌಕಾಸಿ ಮಾಡಬ್ಯಾಡ್ರಿ.

ಜೋಳದ ರೊಟ್ಟಿ ತಿಂಗಳುಗಟ್ಟಲೆ ಇರ್ತಾವ. ಸಜ್ಜಿ ಇರಂಗಿಲ್ಲ, ಸಜ್ಜಿಯೊಳಗ ಜಿಡ್ಡು ಜಾಸ್ತಿ, ಬ್ಯಾಗ ಕಮಟು ವಾಸನಿ ಬರ್ತದ, ಹೋದ ಹೊಸದರಾಗ ಮೊದ್ಲು ಅವನ್ನ ಖಾಲಿ ಮಾಡ್ರಿ.

ನಾವು ಈಸ್ಟರ್ ರಜಕ್ಕ ಬಂದಾಗ ತಗೊಂಡಿದ್ವಿ. ಆ ಟೈಮು ಚಲೋ, ರಾಯಚೂರು ಬಿಸಿಲು ಕಾಯ್ತಿರ್ತದ, ಗಾಳಿಯೊಳಗ ತೇವ ಇರಂಗಿಲ್ಲ, ರೊಟ್ಟಿ ಒಣಗಿದ್ರ ಒಣಗಿದಂಗ. ಮಳಿಗಾಲದಾಗ ಬರೋರು ಒಂದೆರಡು ದಿವಸ ಜಾಸ್ತಿ ಟೈಮ್ ಕೊಟ್ಟು ಆರ್ಡರ್ ಮಾಡ್ರಿ. 2024ರ ಜನವರಿಯೊಳಗ ಹೈದರಾಬಾದ್‌ನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ನೇರ ವಿಮಾನ ಶುರು ಮಾಡಿದ್ದು ನಮ್ಮಂಥೋರಿಗೆ ಬಾಳ ಅನುಕೂಲ ಆಗ್ಯದ, ರಾಯಚೂರಿಂದ ಶಂಷಾಬಾದ್‌ನಾಗಿರೋ ಹೈದರಾಬಾದ್ ಏರ್‌ಪೋರ್ಟ್ ಅಂದ್ರ ಬೆಂಗಳೂರಿನ ಅರ್ಧ ದಾರಿ, ಶಕ್ತಿನಗರದ ಹತ್ರ ಕೃಷ್ಣಾ ದಾಟಿ ಮಕ್ತಲ್, ಮಹಬೂಬನಗರ, ಜಡಚರ್ಲಾ ಮ್ಯಾಲೆ ಹೋದ್ರ ಹೈದರಾಬಾದ್ ಊರೊಳಗ ಹೋಗೋದೇ ಬ್ಯಾಡ, ಏರ್‌ಪೋರ್ಟ್ ನಮ್ಮ ಮಗ್ಗಲಿಗೇ ಅದ. ರೊಟ್ಟಿ ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡು ಹೋಗೋರಿಗೆ ದಾರಿ ಎಷ್ಟು ಕಮ್ಮಿ ಆದ್ರ ಅಷ್ಟು ಚಲೋ.

ಪ್ಯಾಕಿಂಗ್ ಬಗ್ಗೆ ಹೇಳ್ತೀನಿ. ಚಟ್ನಿಪುಡಿಗಳನ್ನ ಗಾಳಿ ಎಳೆದು ಸೀಲ್ ಮಾಡಿ ಕೊಡ್ತಾರ, ಅದು ಭೇಷ್. ರೊಟ್ಟಿಗೆ ಮಾತ್ರ ಹಂಗ ಮಾಡಂಗಿಲ್ಲ, ಗಾಳಿ ಎಳೆದ್ರ ಪುಡಿಪುಡಿ ಆಗ್ತಾವ. ರೊಟ್ಟಿ ಅಳತಿಗೆ ಗುಂಡಗ ರಟ್ಟು ಕತ್ತರಿಸಿ ಕೆಳಗೊಂದು ಮ್ಯಾಲೊಂದು ಇಟ್ಟು, ದಪ್ಪ ಕವರ್ ಹಾಕಿ ಬಿಗಿಯಾಗಿ ಟೇಪ್ ಸುತ್ತಿ ಕೊಡ್ತಾರ. ನಾನು ಅದನ್ನ ಕೈ ಬ್ಯಾಗ್‌ನಾಗ ಒಯ್ದೆ, ಸೆಕ್ಯುರಿಟಿಯೊಳಗ ಒಮ್ಮೆ ತೆಗೆದು ನೋಡಿ ಬಿಟ್ರು, ಮನಿಗೆ ಹೋಗಿ ಬಿಚ್ಚಿದ್ರ ಮ್ಯಾಲಿನವು ಸ್ವಲ್ಪ ಅಂಚು ಮುರಿದಿದ್ವು, ಉಳಿದವು ಇಲ್ಲಿಂದ ಹೊಂಟಂಗೇ ಇದ್ವು. ಕೆಜಿಗೆ ಹತ್ರಹತ್ರ 30 ರೊಟ್ಟಿ ಬರ್ತಾವ, ಹಿಂಗಾಗಿ ತೂಕದ ಚಿಂತಿ ಇಲ್ಲ, ಜಾಗದ ಚಿಂತಿನ.

ಇನ್ನ ಕೊರತಿ. ಕೆಂಪು ಮೆಣಸಿನಕಾಯಿ ರಂಜಕ ರುಚಿ ಅಂದ್ರ ರುಚಿ, ಬಳ್ಳೊಳ್ಳಿ ಹುಳಿ ಖಾರ ಮೂರೂ ಸರಿ ಹೊಂದ್ಯಾವ, ಆದ್ರ ಡಬ್ಬಿ ಮುಚ್ಚಳ ಸಡ್ಲ. ನಮ್ಮ ಸೂಟ್‌ಕೇಸಿನ್ಯಾಗ ಎಣ್ಣಿ ಇಳಿದು ಮಗಳ ಸ್ವೆಟರ್ ಹಾಳಾತು. ಅದು ಚಟ್ನಿಯಂಗ ಮೆತ್ತಗಿನ ಪದಾರ್ಥ, ಕೈ ಬ್ಯಾಗ್‌ನಾಗ 100 ಮಿಲಿ ಮ್ಯಾಲೆ ಬಿಡಂಗಿಲ್ಲ, ದೊಡ್ಡ ಬ್ಯಾಗಿಗೇ ಹಾಕಬೇಕು, ಅಂದ ಮ್ಯಾಲೆ ಡಬ್ಬಿ ಗಟ್ಟಿ ಇರಲೇಬೇಕು. ನಾನು ಫೋನ್ ಮಾಡಿ ಹೇಳಿದೆ, ಅಮ್ಮಾರು ಬಾಳ ನೊಂದ್ಕೊಂಡ್ರು, ಡಬ್ಬಿ ಬದಲು ಮಾಡ್ತೀನಿ ಅಂದಾರ.

ಎರಡನೇದು ಲೇಬಲ್. ಪೊಟ್ಟಣದ ಮ್ಯಾಲೆ ಏನೂ ಇರಂಗಿಲ್ಲ, ಕೇಳಿದ್ರ ಪೆನ್ನಿಲೆ ಬರ್ದು ಕೊಡ್ತಾರ ಅಷ್ಟೇ. ಹೊರದೇಶದ ಕಸ್ಟಮ್ಸ್‌ನಾಗ ಇದೇನು ಪುಡಿ ಅಂತ ಕೇಳಿದಾಗ ಗುರೆಳ್ಳು ಅಂತ ಹೆಂಗ ತಿಳಿಸಿ ಹೇಳಬೇಕು. ಒಳಗ ಏನೇನು ಹಾಕ್ಯಾರ, ಯಾವತ್ತು ಮಾಡಿದ್ದು ಅನ್ನೋದು ಇಂಗ್ಲಿಷಿನ್ಯಾಗ ಅಚ್ಚು ಮಾಡಿಸಿ ಅಂಟಿಸಿದ್ರ ಅರ್ಧ ತ್ರಾಸು ಕಮ್ಮಿ. ಅದಕ್ಕಿಂತ ದೊಡ್ಡ ಕಾರಣ ಶೇಂಗಾ. ಅಲ್ಲಿ ಶೇಂಗಾ ಅಲರ್ಜಿ ಇರೋ ಮಕ್ಕಳು ಇರ್ತಾರ, ಸಾಲಿಗೆ ಡಬ್ಬಿ ಕಟ್ಟೋ ಮುಂದ ನೂರು ಸಲ ವಿಚಾರ ಮಾಡಬೇಕಾಗ್ತದ. ಹಂಗೇ ಜೋಳದಾಗ ಗ್ಲುಟೆನ್, ಅಂದ್ರ ಗೋಧಿಯೊಳಗಿನ ಅಂಟು, ಇಲ್ಲ ಅಂತ ನನ್ನ ಆಫೀಸಿನ ಒಬ್ಬಾಕಿಗೆ ಬಾಳ ಆಸಿ ಇತ್ತು, ಆಕಿಗೆ ಸೀಲಿಯಾಕ್ ರೋಗ ಅದ, ಗೋಧಿ ಒಂದು ಚೂರೂ ತಿನ್ನಂಗಿಲ್ಲ. ನಾನು ಕೊಡ್ಲಿಲ್ಲ, ಯಾಕಂದ್ರ ಇದೇ ಮನಿಯೊಳಗ ಹೋಳಿಗಿಗೂ ಚಪಾತಿಗೂ ಗೋಧಿ ಹಿಟ್ಟು ಓಡಾಡ್ತದ. ಅಂಥ ತ್ರಾಸು ಇರೋರು ಇದನ್ನ ಮೊದ್ಲೇ ಕೇಳ್ರಿ.

ಮೂರನೇದು ಕೊರಿಯರ್. ಇವರು ತಾವಾಗಿ ಪರದೇಶಕ್ಕ ಕಳಿಸಂಗಿಲ್ಲ, ಬ್ಯಾರೆ ಏಜೆಂಟ್ ಕಡೆ ಕೊಡ್ತಾರ. ನನ್ನ ತಮ್ಮ ಒಂದ್ಸಲ ಹಂಗ ಕಳಿಸಿದ್ದ, ರೊಟ್ಟಿ ರೇಟಿಗಿಂತ ಕೊರಿಯರ್ ರೇಟ್ ಎಷ್ಟೋ ಪಟ್ಟು, ಬಂದಿದ್ದು ಮುರುಕು. ಮ್ಯಾಲೆ ಯುರೋಪಿನ್ಯಾಗ 2021ರ ಜುಲೈಯಿಂದ ಹೊರಗಿನಿಂದ ಕೊಂಡು ತರಿಸೋ ಸಣ್ಣ ಪಾರ್ಸಲ್‌ಗೂ ತೆರಿಗಿ ಅದ, ಮನಿಯವರು ಕಾಣಿಕಿ ಅಂತ ಕಳಿಸಿದ್ದಕ್ಕ 45 ಯುರೋ ತನಕ ಮಾತ್ರ ಬಿಡ್ತಾರ. ಕೈಯಾಗ ಒಯ್ಯೋದೇ ವಾಸಿ.

ಇಷ್ಟೆಲ್ಲಾ ಹೇಳಿ ಈ ರೊಟ್ಟಿ ನಿಜಕ್ಕೂ ಎಲ್ಲಿ ಕೆಲಸಕ್ಕ ಬಂತು ಅಂತ ಹೇಳದಿದ್ರ ಹೆಂಗ. ಜುಲೈದಾಗ ಸಾಲಿ ಸೂಟಿ ಬಿಟ್ಟ ವಾರನ ನಾವು ನಾರ್ವೆಯ ಲೋಫೊಟೆನ್ ದ್ವೀಪಗಳಿಗೆ ಹೋಗಿದ್ವಿ. ಆರ್ಕ್ಟಿಕ್ ವೃತ್ತಕ್ಕಿಂತ ಮ್ಯಾಲೆ, 68 ಡಿಗ್ರಿ ಉತ್ತರ, ಮೇ ಕಡಿಕಿಂದ ಜುಲೈ ನಡುಮಟ ಅಲ್ಲಿ ಸೂರ್ಯ ಮುಳಗಂಗೇ ಇಲ್ಲ. ಬೂಡೊ ಅನ್ನೋ ಊರಿಂದ ಮೂರು ತಾಸಿಗಿಂತ ಮ್ಯಾಲೆ ಹಡಗಿನ್ಯಾಗ ಕುಂತು ಮೊಸ್ಕೆನೆಸ್‌ಗೆ ಇಳಿಬೇಕು. ರೋರ್ಬು ಅಂತ ಮೀನುಗಾರರ ಕೆಂಪು ಮರದ ಮನಿ ಬಾಡಿಗಿಗೆ ಸಿಗ್ತಾವ, ಒಳಗ ಅಡಗಿ ಮಾಡ್ಕೊಳಾಕ ಅನುಕೂಲ ಇರ್ತದ. ಹೋಟೆಲ್ ಊಟ ನಾಕು ಮಂದಿ ಮಾಡಿದ್ರ ಜೇಬು ಸುಡ್ತದ, ಶಾಕಾಹಾರಿ ಅಂದ್ರ ಇನ್ನೂ ಕಷ್ಟ, ಹೆಚ್ಚಿನ ಕಡೆ ಮೀನೇ.

ಅಲ್ಲಿ ನಾವು ಇಡೀ ರಜಾ ಈ ರೊಟ್ಟಿ ಮ್ಯಾಲೆ ಹೊಟ್ಟಿ ಹೊರಕೊಂಡ್ವಿ. ಅಂಗಡಿಯೊಳಗಿನ ಮೊಸರು, ನಾರ್ವೆಯ ಉಪ್ಪಿನ ಬೆಣ್ಣಿ, ಹೆಚ್ಚಿದ ಉಳ್ಳಾಗಡ್ಡಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಗುಡ್ಡ ಹತ್ತಾಕ ಹೋಗೋ ಮುಂದ ರೊಟ್ಟಿಗೆ ನೀರು ಚಿಮುಕಿಸಿ ಬಟ್ಟಿಯೊಳಗ ಸುತ್ತಿ ಮೆತ್ತಗ ಮಾಡ್ಕೊಂಡು ಒಳಗ ಚಟ್ನಿ ಬೆಣ್ಣಿ ಹಚ್ಚಿ ಸುರುಳಿ ಸುತ್ತಿ ಒಯ್ತಿದ್ವಿ. ಸಮುದ್ರದ ಗಾಳಿಗೆ ರೊಟ್ಟಿ ತಂಪು ಹಿಡಿದ್ರ ಓವನ್‌ನಾಗ 120 ಡಿಗ್ರಿಗೆ ಐದು ನಿಮಿಷ ಇಟ್ರ ಮತ್ತ ಕಟುಂ ಅಂತಿದ್ವು, ಮೂರು ತಿಂಗಳ ಹಿಂದಿನ ರೊಟ್ಟಿ ಅಂತ ಹೇಳಿದ್ರ ನಂಬಂಗಿಲ್ಲ. ಬಾಜೂ ಮನಿಯೊಳಗಿದ್ದ ನಾರ್ವೆ ಅಜ್ಜಾರು ಒಂದು ರೊಟ್ಟಿ ತಿಂದು, ಇದು ಎಷ್ಟು ದಿವಸ ಇರ್ತದ ಅಂತ ಕೇಳಿದ್ರು, ನಾನು ಹೇಳಿದ್ದಕ್ಕ ಅವರು ಊರ ಹೊರಗಿನ ಮರದ ಅಟ್ಟಣಿಗಿ ತೋರಿಸಿದ್ರು. ಅಲ್ಲಿ ಚಳಿಗಾಲದಾಗ ಹಿಡಿದ ಕಾಡ್ ಅನ್ನೋ ಸಮುದ್ರದ ಮೀನನ್ನ ಉಪ್ಪು ಹಚ್ಚದ ಫೆಬ್ರುವರಿಯಿಂದ ಮೇ ತನಕ ಬರೇ ಗಾಳಿಗೆ ಒಣಗಿಸ್ತಾರ, ಅದು ವರ್ಷಗಟ್ಟಲೆ ಕೆಡಂಗಿಲ್ಲಂತ. ನನ್ನ ಮಗಳು ಇಬ್ಬರ ಮಾತೂ ಅತ್ತಿಂದಿತ್ತ ಹೇಳ್ತಾ ಅವರಿಗೆ ಅಗಸಿ ಪುಡಿ ತಿನ್ನಿಸಿದ್ಲು, ರಾಯಚೂರು ಎಲ್ಲದ ಅಂತ ಫೋನ್ ತೆಗೆದು ಕೃಷ್ಣಾ ತುಂಗಭದ್ರಾ ನಡುವಿನ ಜಾಗ ತೋರಿಸಿದ್ಲು. ಜರ್ಮನಿಯೊಳಗ ಹುಟ್ಟಿದ ಹುಡುಗಿ, ತನ್ನ ಊರು ಅಂತ ಅದನ್ನ ತೋರಿಸಿದ್ದು ನೋಡಿ ನನಗ ಎಷ್ಟು ಸಂತೋಷ ಆತು ಅಂತ ಬರಿಯಾಕ ಬರಂಗಿಲ್ಲ.

ಹಿಂಗಾಗಿ ನನ್ನ ಕಡೆಯಿಂದ ರೊಟ್ಟಿಗೆ ಐದಕ್ಕ ಐದು, ಪುಡಿಗಳಿಗೆ ಐದು, ಗುರೆಳ್ಳು ಪುಡಿಗೆ ಇನ್ನೂ ಕೊಡಾಕ ಬಂದ್ರ ಕೊಡ್ತಿದ್ದೆ. ರಂಜಕಕ್ಕ ಡಬ್ಬಿ ಬದಲಾಗೋತನಕ ಮೂರು. ಲೇಬಲ್‌ಗೆ ಎರಡು.

ಹೋಗೋರು ನಾಕು ದಿವಸ ಮೊದ್ಲೇ ಹೇಳಿ ಇಡ್ರಿ, ಎಳ್ಳ ಅಮಾಸಿ, ಸಂಕ್ರಾಂತಿ ಹೊತ್ತಿಗಾದ್ರ ಒಂದು ವಾರ, ಆಗ ಊರಿನವರ ಆರ್ಡರ್ರೇ ಗುಡ್ಡಿ ಬಿದ್ದಿರ್ತದ. ಯಾ ದೇಶ, ಯಾವತ್ತು ವಿಮಾನ, ಮನ್ಯಾಗ ಯಾರಿಗರೆ ಶೇಂಗಾ ಆಗಿಬರಂಗಿಲ್ಲೇನು, ಮೂರೂ ಹೇಳ್ರಿ. ಅಡ್ವಾನ್ಸ್ ಅರ್ಧ ಕೊಟ್ರ ಸಾಕು, ಫೋನ್‌ಪೇ ನಡಿತದ, ಬಿಲ್ಲು ಬೇಕಂದ್ರ ಕೈಲೆ ಬರ್ದ ಚೀಟಿನ ಸಿಗೋದು. ಮುಂಜಾನಿ ಎಂಟರಿಂದ ಸಂಜಿ ಆರರ ತನಕ ಇರ್ತಾರ, ಅಮಾಸಿ ದಿವಸ ಮಾತ್ರ ಅಂಗಡಿ ಬಂದ್.