ಮೈಸೂರು ಸುತ್ತಲು: ನಗರ ಸಾರಿಗೆ ಬಸ್ಸೋ, ದಿನದ ಬಾಡಿಗೆ ಆಟೋವೋ?

ಒಬ್ಬರೋ ಇಬ್ಬರೋ ಬಂದಿದ್ದರೆ ಬಸ್ಸೇ ಸರಿ. ಅರಮನೆಯ ಪಕ್ಕದಲ್ಲೇ ನಗರ ಬಸ್ ನಿಲ್ದಾಣವಿದೆ. ಚಾಮುಂಡಿ ಬೆಟ್ಟಕ್ಕೆ 201ನೇ ಸಂಖ್ಯೆಯ ಬಸ್ಸು ಅಲ್ಲಿಂದಲೇ ಹೊರಡುತ್ತದೆ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಕೈಯಲ್ಲಿರಲಿ. ಹವಾನಿಯಂತ್ರಿತ ಬಸ್ಸು ಹತ್ತಿದರೆ ಮಾತ್ರ ಟಿಕೆಟ್ ಕೊಳ್ಳಲೇಬೇಕು.

ನನ್ನ ಮಾತು ಕೇಳುವುದಾದರೆ, ಬೆಟ್ಟಕ್ಕೆ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿ, ಮೆಟ್ಟಿಲುಗಳಲ್ಲಿ ಇಳಿದು ಬನ್ನಿ. ಅರ್ಧ ದಾರಿಗೂ ಮೊದಲೇ ಎಣ್ಣೆಗಪ್ಪಿನ ದೊಡ್ಡ ನಂದಿ ಸಿಗುತ್ತದೆ, ಕೊರಳ ಗಂಟೆಸರದ ಕೆತ್ತನೆಯನ್ನು ಹತ್ತಿರ ನಿಂತು ನೋಡಬಹುದು. ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವವರು ಎದುರಾಗುತ್ತಾರೆ. ಆಟೋದಲ್ಲಿ ಹೋದವರಿಗೆ ಈ ದಾರಿ ಸಿಗುವುದಿಲ್ಲ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಆಟೋ ಮೇಲು. ಬಾಡಿಗೆ ಹಂಚಿಕೊಂಡಾಗ ಹೊರೆಯೂ ಅಲ್ಲ. ಆದರೆ ಹತ್ತುವ ಮೊದಲೇ ಜಾಗಗಳನ್ನೂ ಕಾಯುವ ಹೊತ್ತನ್ನೂ ಹೇಳಿ ದರ ಒಪ್ಪಿಸಿಕೊಳ್ಳಿ. ನನ್ನನ್ನು ಒಮ್ಮೆ ಕೇಳದೆಯೇ ಎರಡು ಸೀರೆ ಅಂಗಡಿಗೆ ಕರೆದೊಯ್ದರು. ಮೃಗಾಲಯಕ್ಕೆ ಇಟ್ಟಿದ್ದ ಹೊತ್ತು ಅಲ್ಲೇ ಕಳೆಯಿತು.

ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ ಇವಿಷ್ಟಕ್ಕೆ ಎರಡೂ ಬೇಡ, ನಡೆದರೆ ಸಾಕು. ಮೃಗಾಲಯಕ್ಕೆ ಮಂಗಳವಾರ ರಜೆ. ಭಾನುವಾರ ಬಂದರೆ ಸಂಜೆ ಏಳಕ್ಕೆ ಅರಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ನೋಡಿಯೇ ಹೊರಡಿ.