ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ

ಪಿಎಚ್‌ಡಿ ಮಾಡುತ್ತಿರುವವರು, ಸೇರಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ ಗೈಡ್ ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಮಾಡುತ್ತಿದ್ದರು. ಮೊದಲು ಥೀಸಿಸ್ ಬಗ್ಗೆ, ಆಮೇಲೆ ನನ್ನ ಫೋಟೋ ಬಗ್ಗೆ, ಆಮೇಲೆ "ಒಬ್ಬಳೇ ಇದ್ದೀಯಾ" ಅಂತ. ಬೆಳಿಗ್ಗೆ ನೋಡಿದರೆ ಅರ್ಧ ಮೆಸೇಜ್ ಅವರೇ ಡಿಲೀಟ್ ಮಾಡಿರುತ್ತಿದ್ದರು. ನಾನು ಉತ್ತರ ಕೊಡದ ವಾರ ನನ್ನ ಚಾಪ್ಟರ್ ಓದದೆ ಹಾಗೇ ವಾಪಸ್ ಬರುತ್ತಿತ್ತು.

ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಅಳುತ್ತಾ ಎಲ್ಲಾ ಹೇಳಿದೆ. ಕೂರಿಸಿ ನೀರು ಕೊಟ್ಟರು. "ನೋಡಮ್ಮ, ಬರೆದು ಗಿರೆದು ಕೊಡಬೇಡ, ನಿನ್ನ ಥೀಸಿಸ್‌ಗೇ ತೊಂದರೆ ಆಗುತ್ತೆ, ನಾನು ಅವರ ಹತ್ತಿರ ಮಾತಾಡ್ತೀನಿ" ಅಂದರು. ಅವತ್ತು ಎಷ್ಟೋ ದಿನದ ಮೇಲೆ ನಿದ್ದೆ ಬಂತು. ಮಾತಾಡಿದ್ದೂ ನಿಜ ಇರಬೇಕು, ಯಾಕೆಂದರೆ ಮಾರನೇ ವಾರದಿಂದ ಮೆಸೇಜ್ ನಿಂತಿತು, ಜೊತೆಗೆ ನನ್ನನ್ನು ಮೀಟಿಂಗಿಗೆ ಕರೆಯುವುದೂ ನಿಂತಿತು. ಮುಂದಿನ ಪ್ರೋಗ್ರೆಸ್ ರಿಪೋರ್ಟಿನಲ್ಲಿ ಗೈಡ್ "ಕೆಲಸ ತೃಪ್ತಿಕರವಾಗಿಲ್ಲ" ಅಂತ ಬರೆದರು.

ಆಗ ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಸಮಿತಿಗೆ ಹೋದೆ. ಕೇಳಿದ ಮೊದಲ ಪ್ರಶ್ನೆಯೇ "ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?" ನಾನು ಸುಮ್ಮನಿರಲಿಲ್ಲ. ಆದರೆ ಮುಖ್ಯಸ್ಥರು "ಗೈಡ್ ಜೊತೆ ಹೊಂದಿಕೆ ಆಗ್ತಿಲ್ಲ ಅಂದಿದ್ದಳು, ಅಷ್ಟೇ" ಅಂದುಬಿಟ್ಟರು. ದೂರು ಕೊಡುವ ಗಡುವು ಕೂಡ ದಾಟಿತ್ತು. ಅಂಥದ್ದೊಂದು ಗಡುವು ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನಿಮಗೆ ಹೀಗಾಗಬಾರದು. ಸೇರಿದ ವಾರವೇ ನಿಯಮ ಓದಿ, ಗಡುವು ಎಷ್ಟು, ಸಮಿತಿಯಲ್ಲಿ ಯಾರಿದ್ದಾರೆ ನೋಡಿಕೊಳ್ಳಿ. ನಿಮ್ಮದೇ ವಿಭಾಗದವರು ಇದ್ದರೆ ಅವರು ವಿಚಾರಣೆಯಲ್ಲಿ ಕೂರಬಾರದು ಅಂತ ಕೇಳಬಹುದು. ಮೆಸೇಜ್ ಬಂದ ತಕ್ಷಣ ನಂಬರ್, ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಕಾಲೇಜಿನ ಮೇಲ್ ಬೇಡ, ಅದು ಯಾವಾಗ ಬೇಕಾದರೂ ಬಂದ್ ಆಗಬಹುದು. ಯಾರ ಹತ್ತಿರವಾದರೂ ಬಾಯಲ್ಲಿ ಹೇಳಿದ್ದರೆ, ಅವತ್ತೇ "ಸರ್, ಇವತ್ತು ನಿಮಗೆ ಈ ವಿಷಯ ತಿಳಿಸಿದ್ದೇನೆ" ಅಂತ ಮೇಲ್ ಕಳಿಸಿ. ವಿಚಾರಣೆ ಮುಗಿಯುವ ತನಕ ಬೇರೆ ಗೈಡ್ ಕೊಡಿ, ನನ್ನ ಕೆಲಸಕ್ಕೆ ಇವರು ಮಾರ್ಕ್ಸ್ ಹಾಕಬಾರದು ಅಂತ ದೂರಿನಲ್ಲೇ ಕೇಳಿ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಂಡರೆ ಅದಕ್ಕೂ ಬೇರೆ ದೂರು ಕೊಡಿ.

ಮತ್ತೆ, ಗೆಳತಿ ಯಾರಾದರೂ ನಿಮ್ಮ ಹತ್ತಿರ ಬಂದು ಇಂಥದ್ದು ಹೇಳಿಕೊಂಡರೆ, ತಾರೀಖು ಹಾಕಿ ನೀವೂ ಬರೆದಿಡಿ. ಗಡುವು ದಾಟಿದ್ದರೂ ಕೊನೆಗೆ ಸಮಿತಿ ನನ್ನ ಮಾತು ಕೇಳಿದ್ದು, ನನ್ನ ರೂಮ್‌ಮೇಟ್ ಡೈರಿಯಲ್ಲಿ ನಾನು ಮುಖ್ಯಸ್ಥರ ಹತ್ತಿರ ಹೋಗಿ ಬಂದ ರಾತ್ರಿ ಬರೆದಿಟ್ಟಿದ್ದ ನಾಲ್ಕು ಸಾಲಿನಿಂದ.